ಮೂಲೆ ಮನೆ ಅಜ್ಜಿಯ ಶನಿವಾರದ ಆಟ

ಅಜ್ಜಿಯ ಬಲಗೈ ಬೆರಳುಗಳಿಗೆ ಅಡುಗೆಯ ಅರಿಶಿನ ಹತ್ತಿ ಉಗುರೆಲ್ಲ ಹಳದಿಯಾಗಿತ್ತು. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಮಾತ್ರ ನಸ್ಯದ ಕಂದು. ಎರಡು ಕೈಗಳನ್ನೂ ಮಡಿಲಲ್ಲಿಟ್ಟುಕೊಂಡು ಕೂತರೆ ಒಂದು ಹೆಂಗಸಿನ ಕೈ, ಇನ್ನೊಂದು ಯಾರೋ ಗಂಡಸಿನದು ಅನ್ನಿಸುತ್ತಿತ್ತು. ಹಳೆಯ ಸಾಮಾನು ಕೊಳ್ಳಲು ಯಾರ ಮನೆಗೆ ಹೋದರೂ ಮೊದಲು ಮನೆಯವರ ಕೈ ನೋಡುವುದು ನನ್ನ ಅಭ್ಯಾಸ. ಸಾಮಾನನ್ನು ಹೇಗೆ ಬಳಸಿದ್ದಾರೆ ಎಂದು ಕೈ ಹೇಳಿಬಿಡುತ್ತದೆ, ಬಾಯಿ ಹೇಳುವುದಿಲ್ಲ. ಈ ದಂಧೆಗೆ ಇಳಿಯುವ ಹುಡುಗರಿಗೆ ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಮೂಲೆ ಮನೆ ಅಜ್ಜಿಯ ಕೈ ನೋಡಿ ಮೊದಲ ದಿನ ನನಗೆ ಏನೂ ತಿಳಿಯಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಪಿಯುಸಿ ಮುಗಿಸಿ ಕೆಲಸ ಸಿಗದೆ, ರಾಜಾಜಿನಗರದ ಮನೆ ಮನೆ ಅಲೆದು ಮೇಜು, ಕುರ್ಚಿ, ಬೀರು ಕೊಂಡು ಅಂಗಡಿಗಳಿಗೆ ಸಾಗಿಸುತ್ತಿದ್ದೆ. ಆಗ ವಿಜಯನಗರದಲ್ಲಿ ಸೈಟುಗಳ ಕಲ್ಲು ನೆಟ್ಟಿದ್ದರು, ಮನೆಗಳು ಅಲ್ಲೊಂದು ಇಲ್ಲೊಂದು. ಇವತ್ತು ಅಲ್ಲೇ ನನ್ನ ಸ್ವಂತ ಅಂಗಡಿ ಇದೆ. ಯಾರ ಶಿಫಾರಸಿನಿಂದಲೂ ಬಂದದ್ದಲ್ಲ. ನಾಲಿಗೆಯಿಂದ ಬಂದದ್ದು, ಆ ನಾಲಿಗೆಯನ್ನು ಪಳಗಿಸಿದ್ದು ಅಜ್ಜಿ.

ಅವರ ಮನೆ ನಮ್ಮ ರಸ್ತೆಯ ಕೊನೆಯಲ್ಲಿತ್ತು. ಗಂಡ ಮಾಗಡಿ ರಸ್ತೆಯ ಕಡೆ ಒಂದು ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದು ತೀರಿಕೊಂಡಿದ್ದರು. ಮಕ್ಕಳಿಲ್ಲ. ಕೆಂಗೇರಿಯಲ್ಲಿದ್ದ ಮೈದುನನ ಮಗ ಹಬ್ಬಕ್ಕೊಮ್ಮೆ ಬಂದು ನೋಡಿಹೋಗುತ್ತಿದ್ದ. ನಾನು ಹೋದಾಗ ನಡುಮನೆಯಲ್ಲಿ ಎರಡು ಬೆತ್ತದ ಕುರ್ಚಿ, ಅವುಗಳ ನಡುವೆ ಪುಟ್ಟ ಮೇಜು, ಮೇಜಿನ ಮೇಲೆ ಆಟದ ನಡುವೆ ನಿಂತುಹೋದ ಚದುರಂಗದ ಮಣೆ. ಕೆಂಪು, ಹಸಿರು ಅರಗಿನ ಕಾಯಿಗಳು.

"ಒಬ್ಬರಿಗೆ ಎರಡು ಕುರ್ಚಿ ಯಾಕಜ್ಜಿ? ಒಂದು ಕೊಡಿ, ಒಳ್ಳೆ ರೇಟು ಕೊಡಿಸ್ತೀನಿ" ಎಂದೆ.

"ಅದು ಖಾಲಿ ಇಲ್ಲ ಕಣಪ್ಪ" ಎಂದರು.

ಕುರ್ಚಿಯಲ್ಲಿ ಯಾರೂ ಇರಲಿಲ್ಲ. ನಾನು ನಕ್ಕೆ. ಅಜ್ಜಿ ನಗಲಿಲ್ಲ. ಚಾಪೆ ಹಾಸಿ ಇನ್ನೊಂದು ಮಣೆ ತಂದಿಟ್ಟು, ತಮ್ಮನ್ನು ಗೆದ್ದರೆ ಕುರ್ಚಿಯ ಮಾತಾಡೋಣ ಎಂದರು. ಕಾಫಿ ಆರುವುದರೊಳಗೆ ಸೋತೆ. ಮರುದಿನ ಗೆಳೆಯರಿಬ್ಬರನ್ನು ಕರೆದುಕೊಂಡು ಹೋದೆ. ಸೀನ ಫಿಟ್ಟರ್ ಕೆಲಸ ಕಲಿತವನು, ಮುಂಗೋಪಿ, ಎರಡು ಕಡೆ ಜಗಳವಾಡಿ ಕೆಲಸ ಕಳೆದುಕೊಂಡಿದ್ದ. ಪ್ರಭಾಕರ ಬುದ್ಧಿವಂತ, ಆದರೆ ನಾಲ್ಕು ಜನರ ಮುಂದೆ ಬಾಯಿ ಬಿಡಲು ಹೆದರುತ್ತಿದ್ದ. ಅವರೂ ಸೋತರು. ಹಾಗೆ ಶುರುವಾಯಿತು ನಮ್ಮ ಒಂದು ವರ್ಷ.

ಅಜ್ಜಿ ಆಟ ಕಲಿಸಿದ ಕ್ರಮವೇ ವಿಚಿತ್ರ. ಕಾಯಿ ಮುಟ್ಟುವ ಮೊದಲು ಎದ್ದು ಎದುರಾಳಿಯ ಜಾಗಕ್ಕೆ ಹೋಗಿ ಕೂತು, ಅಲ್ಲಿಂದ ಮಣೆ ನೋಡಿ, ಮತ್ತೆ ನಮ್ಮ ಜಾಗಕ್ಕೆ ಬಂದು ಆಡಬೇಕು. ಸೀನನಿಗೆ ತಾಳ್ಮೆ ಇರಲಿಲ್ಲ, ಕೂತಲ್ಲಿಂದಲೇ ಕೈ ಚಾಚುತ್ತಿದ್ದ. "ಅಲ್ಲಿ ಹೋಗಿ ಕೂತ್ಕೊಂಡು ನೋಡೋ. ನೀನೆಷ್ಟು ದಡ್ಡ ಅಂತ ಅಲ್ಲಿಂದ ಚೆನ್ನಾಗಿ ಕಾಣತ್ತೆ" ಎನ್ನುತ್ತಿದ್ದರು ಅಜ್ಜಿ. ಓದುಗರೇ, ನಿಮಗೂ ಹೇಳುತ್ತೇನೆ. ಮನೆ ಕೊಳ್ಳಿ, ಸಂಬಂಧ ಕುದುರಿಸಿ, ಸಂಬಳ ಕೇಳಿ. ಬಾಯಿ ತೆರೆಯುವ ಮುಂಚೆ ಮನಸ್ಸಿನಲ್ಲೇ ಎದ್ದು ಆ ಕಡೆ ಹೋಗಿ ಕೂತು ಬನ್ನಿ. ನನ್ನ ವ್ಯಾಪಾರದ ಗುಟ್ಟೆಲ್ಲ ಇಷ್ಟೇ.

ಆದರೆ ಚಾಪೆಯ ಮೇಲಿನ ಆಟ ಬೇರೆ, ಮೇಜಿನ ಮೇಲಿನ ಆಟ ಬೇರೆ. ಮೇಜಿನ ಮಣೆಯನ್ನು ನಾವು ಮುಟ್ಟುವಂತಿರಲಿಲ್ಲ. ಅದು ಗಂಡ ಹೆಂಡತಿ ಆಡುತ್ತಿದ್ದ ಕೊನೆಯ ಆಟ. ನಡುವೆ ಗಂಡ ಹಾಸಿಗೆ ಹಿಡಿದು, ಹೋಗುವ ಮುನ್ನ ಒಂದೇ ಮಾತು ಹೇಳಿದ್ದರಂತೆ: ಮುಗಿಸ್ಕೊಂಡು ಬಾ. ಅಜ್ಜಿ ಅದನ್ನು ಶನಿವಾರಕ್ಕೊಂದು ನಡೆಯಂತೆ ಆಡುತ್ತಿದ್ದರು, ಎರಡೂ ಕಡೆಯಿಂದ. "ಆಟ ಮುಗಿದ ದಿನ ನಾನು ಹೊರಡೋದು" ಎಂದು ಸೊಪ್ಪು ಸೋಸುತ್ತಾ ಹೇಳಿದರು. ಕೆಂಗೇರಿಗೆ ಬಸ್ಸು ಹತ್ತುವ ಮಾತಿನಷ್ಟೇ ಸಲೀಸಾಗಿ.

ಮೊದಲ ಶನಿವಾರ ನೋಡಿದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ದೀಪ ಹಚ್ಚಿ ಬಂದು ಅಜ್ಜಿ ತಮ್ಮ ಕುರ್ಚಿಯಲ್ಲಿ ಕೂತರು. ಬಹಳ ಹೊತ್ತು ನೋಡಿ ಬಲಗೈಯಿಂದ ಹಸಿರು ಕಾಯಿಯೊಂದನ್ನು ಸರಿಸಿದರು. ಮಂಡಿ ಹಿಡಿದುಕೊಂಡು ಎದ್ದು, ಮೇಜು ಸುತ್ತಿ, ಎದುರಿನ ಕುರ್ಚಿಯಲ್ಲಿ ಕೂತರು. ಕೂತದ್ದೇ ಬೆನ್ನು ನೆಟ್ಟಗಾಯಿತು. ಗಂಟಲು ಸರಿಮಾಡಿಕೊಂಡ ಸದ್ದು ಅಜ್ಜಿಯದಾಗಿರಲಿಲ್ಲ, ದಪ್ಪ, ಒರಟು. ಎಡಗೈ ತಾನಾಗಿ ಕಿಟಕಿಯ ಮೇಲಿನ ನಸ್ಯದ ಡಬ್ಬಿಗೆ ಹೋಯಿತು. ಒಂದು ಚಿಟಿಕೆ ಏರಿಸಿ, ಅದೇ ಕೈಯಿಂದ ಕೆಂಪು ಆನೆಯನ್ನು ಟಕ್ ಎಂದು ಮುಂದಿಟ್ಟು, ಸೀನನ ಕಡೆ ತಿರುಗಿ, "ಏನಯ್ಯಾ, ಬಾಯಿ ಬಿಟ್ಕೊಂಡು ನೋಡ್ತೀಯ, ನೊಣ ಹೋದೀತು" ಎಂದರು.

ಸೀನ ಬಾಯಿ ಮುಚ್ಚಿಕೊಂಡ. ನಮ್ಮನ್ನು ಅಜ್ಜಿ ಯಾವತ್ತೂ ಏನಯ್ಯಾ ಎಂದವರಲ್ಲ.

ಮರಳಿ ತಮ್ಮ ಕುರ್ಚಿಗೆ ಬಂದ ಮೇಲೆ ಪ್ರಭಾಕರ ಮೆಲ್ಲಗೆ, ನೀವು ನಸ್ಯ ಏರಿಸ್ತೀರಾ ಅಜ್ಜಿ ಎಂದು ಕೇಳಿದ. ಅವರು ಮುಖ ಸಿಂಡರಿಸಿದರು. "ಥೂ, ನನಗೆ ಅದರ ವಾಸನೇನೇ ಆಗಲ್ಲ ಕಣಪ್ಪ."

ಹೆದರಿಕೆಯಾಗಿ ಓಡಿಹೋಗಲಿಲ್ಲವೇ ಎಂದು ನೀವು ಕೇಳಬಹುದು. ಹೆದರಿಕೆ ಆಯಿತು. ಆದರೆ ಇಬ್ಬರೂ ನಮ್ಮನ್ನು ಪ್ರೀತಿಯಿಂದ ನೋಡುತ್ತಿದ್ದರು. ಇಬ್ಬರೂ ಎಂದು ಬರೆದುಬಿಟ್ಟೆ, ಇರಲಿ.

ಅಜ್ಜಿಯ ಮನೆಯ ಆಟದಲ್ಲಿ ಒಂದು ಹಳೆಯ ಕಾಯಿದೆ ಇತ್ತು. ರಾಜ ಇಡೀ ಆಟದಲ್ಲಿ ಒಂದೇ ಒಂದು ಸಲ ಕುದುರೆಯ ಹಾಗೆ ಜಿಗಿಯಬಹುದು. ನಾವು ಲೋಕವೆಲ್ಲ ಹೀಗೇ ಆಡುತ್ತದೆ ಎಂದುಕೊಂಡಿದ್ದೆವು. ಬೇಸಿಗೆಯಲ್ಲಿ ಮಲ್ಲೇಶ್ವರದ ಕಡೆಯ ಒಂದು ಕ್ಲಬ್ಬಿನ ಪಂದ್ಯಕ್ಕೆ ಪ್ರಭಾಕರನನ್ನು ನಾನೇ ಪುಸಲಾಯಿಸಿ ಸೇರಿಸಿದೆ. ಗೆಲ್ಲುವ ಆಟ. ಎದುರಾಳಿ ಚೆಕ್ ಕೊಟ್ಟ. ಇವನು ಗತ್ತಿನಿಂದ ರಾಜನನ್ನು ಜಿಗಿಸಿದ. ಸುತ್ತಲಿನವರು ನಗತೊಡಗಿದರು, ಯಾರೋ ಇದ್ಯಾವ ಹಳ್ಳಿಯ ಆಟ ಎಂದರು. ಪ್ರಭಾಕರ ಕಾಯಿಗಳನ್ನು ಬಿಟ್ಟು ಎದ್ದು ಬಂದ.

ಅದು ಶನಿವಾರ. ಸೀದಾ ಅಜ್ಜಿಯ ಮನೆಗೆ ಬಂದೆವು. ಅವರು ಆಗಲೇ ಎದುರಿನ ಕುರ್ಚಿಯಲ್ಲಿದ್ದರು. ನಾವು ಹೊಸಿಲು ದಾಟುತ್ತಿದ್ದಂತೆ ಆ ದಪ್ಪ ದನಿ ಬಂತು: "ಬೇರೆಯವರ ಮನೆಗೆ ಹೋದಾಗ ಚಪ್ಪಲಿ ಎಲ್ಲಿ ಬಿಡ್ಲಿ ಅಂತ ಕೇಳಲ್ವೇನಯ್ಯಾ? ಕಾಯಿದೇನೂ ಹಾಗೇ ಕೇಳ್ಬೇಕು. ಆಟದ ಮಧ್ಯೆ ಎದ್ದು ಬರೋದು ಮಾತ್ರ ತಪ್ಪು."

ಪಂದ್ಯಕ್ಕೆ ಹೋಗುವ ವಿಷಯವನ್ನು ನಾವು ಆ ಮನೆಯಲ್ಲಿ ಹೇಳಿರಲೇ ಇಲ್ಲ.

ಪ್ರಭಾಕರ ಮುಂದಿನ ಪಂದ್ಯಕ್ಕೆ ಹೋದ. ಕೂರುವ ಮುಂಚೆ ನಾಲ್ಕು ಜನರ ಎದುರಿಗೆ ನಿಂತು, ಇಲ್ಲಿನ ಕಾಯಿದೆ ಏನು ಎಂದು ಗಟ್ಟಿಯಾಗಿ ಕೇಳಿದ. ಎಷ್ಟನೆಯವನಾಗಿ ಬಂದ ಎಂಬುದು ಮುಖ್ಯವಲ್ಲ. ಅವನು ಬಾಯಿ ಬಿಟ್ಟದ್ದೇ ನಮಗೆ ಹಬ್ಬ.

ಮಳೆಗಾಲ ಮುಗಿಯುವ ಹೊತ್ತಿಗೆ ಮೇಜಿನ ಮೇಲೆ ಕೆಂಪು ಗೆಲ್ಲುತ್ತಿತ್ತು. ಅಷ್ಟರಲ್ಲಿ ನಾವು ಆಟ ಓದುವಷ್ಟು ಕಲಿತಿದ್ದೆವು. ಹಸಿರು ರಾಜ ಮೂಲೆಗೆ ಬಿದ್ದಿದ್ದ. ಒಂದೊಂದು ಶನಿವಾರ ಕಳೆದಾಗಲೂ ನನ್ನ ಚಿಂತೆ ಬೆಳೆಯುತ್ತಿತ್ತು. ಸೋಲು ಗೆಲುವಿನ ಚಿಂತೆಯಲ್ಲ, ಆಟ ಮುಗಿದರೆ ಅಜ್ಜಿ ಇರುವುದಿಲ್ಲ. ನಂಬುವುದು ಬಿಡುವುದು ಆಮೇಲಿನ ಮಾತು, ಅವರಂತೂ ನಂಬಿದ್ದರು. ಚೌಕಾಸಿಯಲ್ಲಿ ಆಗದ ಕೆಲಸವಿಲ್ಲ ಎಂದುಕೊಂಡಿದ್ದ ವಯಸ್ಸು. ಒಂದು ಶನಿವಾರ, ಅಜ್ಜಿ ಎದುರಿನ ಕುರ್ಚಿಗೆ ಹೋಗಿ ಕೂತೊಡನೆ, ನಾನು ಮುಂದೆ ಹೋಗಿ ನಿಂತೆ.

"ಅಜ್ಜ, ಡ್ರಾ ಮಾಡ್ಕೊಳ್ಳಿ. ಇಬ್ಬರಿಗೂ ಮರ್ಯಾದೆ."

"ಡ್ರಾ ಆದ್ರೆ ನನಗೇನಯ್ಯಾ ಲಾಭ?"

"ಪ್ರತಿ ಶನಿವಾರ ನಾವು ಮೂವರೂ ಬಂದು ನಿಮ್ಮ ಜೊತೆ ಆಡ್ತೀವಿ. ಆಟಕ್ಕೆ ಜನ ಇಲ್ಲ ಅನ್ನೋ ಹಾಗೇ ಇಲ್ಲ."

"ಆಟಕ್ಕೆ ಜನ ಬೇಕು ಅಂತ ಯಾರು ಹೇಳಿದ್ರು? ನನಗೆ ಅವಳು ಬೇಕು."

ನಾನು ಬಿಡಲಿಲ್ಲ, ಒಂದು ಬಾಗಿಲು ಮುಚ್ಚಿದರೆ ಗಡುವು ಕೇಳುವುದು ನಮ್ಮ ಕಸುಬು. ಸಂಕ್ರಾಂತಿವರೆಗಾದರೂ ತಡೆಯಿರಿ ಎಂದೆ.

"ಗಡುವು ಅವಳು ಕೇಳಿದ್ಲಾ?"

ಎಡಗೈ ಕೆಂಪು ಒಂಟೆಯನ್ನು ಸರಿಸಿತು. ಅಜ್ಜಿ ಎದ್ದು ತಮ್ಮ ಜಾಗಕ್ಕೆ ಬಂದು ಕೂತು ಸೆರಗಿನಿಂದ ಮೂಗು ಒರೆಸಿಕೊಂಡರು. ಯಾಕಪ್ಪ ಹೀಗೆ ಬೆವರ್ತಿದೀಯ ಎಂದು ಕೇಳಿದರು. ನಡೆದದ್ದನ್ನೆಲ್ಲ ಅವರಿಗೇ ಹೇಳಬೇಕಾಯಿತು. ಕೇಳಿ ಸುಮ್ಮನೆ ನಕ್ಕರು.

"ಯಾರ ಪರವಾಗಿ ಮಾತಾಡ್ತೀಯೋ ಅವರಿಗೇನು ಬೇಕು ಅಂತ ಮೊದಲು ಕೇಳಬಾರ್ದೇನಪ್ಪ?"

"ನಿಮಗೇನು ಬೇಕಜ್ಜಿ?"

"ಮದುವೆ ಆದಾಗಿನಿಂದ ಅವರ ಹತ್ರ ಒಂದೇ ಒಂದು ಆಟ ಗೆದ್ದಿಲ್ಲ ಕಣಪ್ಪ. ಹೋಗೋಕೆ ನನಗೇನೂ ಹೆದರಿಕೆ ಇಲ್ಲ. ಸೋತು ಹೋಗೋಕೆ ಇಷ್ಟ ಇಲ್ಲ."

ಸೀನ ತಡೆಯಲಾರದೆ, ಹಾಗಾದ್ರೆ ಆ ಕಡೆ ಕೂತಾಗ ಬೇಕು ಅಂತ ಒಂದು ತಪ್ಪು ನಡೆ ಆಡಿಬಿಡಿ, ಯಾರು ನೋಡ್ತಾರೆ ಎಂದ.

ಅಜ್ಜಿ ಅವನನ್ನು ಕರುಣೆಯಿಂದ ನೋಡಿದರು. "ಅಲ್ಲಿ ಕೂತಾಗ ಆಡೋದು ನಾನಲ್ವಲ್ಲೋ."

ಮುಂದಿನ ಶನಿವಾರ ನಾನು ಮತ್ತೆ ಎದುರಿನ ಕುರ್ಚಿಯ ಮುಂದೆ ನಿಂತೆ. ಈ ಸಲ ಅಜ್ಜಿಗೆ ಬೇಕಾದದ್ದನ್ನೇ ಕೇಳಿದೆ: ಇದೊಂದು ಆಟ ಬಿಟ್ಟುಕೊಡಿ. ಆ ದನಿ ತಗ್ಗಿ ಬಂತು. "ಬಿಟ್ಟುಕೊಟ್ರೆ ಅವಳಿಗೆ ಗೊತ್ತಾಗಿಬಿಡತ್ತೆ ಕಣಯ್ಯಾ. ಗೊತ್ತಾದ್ರೆ ಬರಲ್ಲ."

ಆವತ್ತಿನಿಂದ ನಾನು ಬಾಯಿ ಮುಚ್ಚಿಕೊಂಡೆ. ಅಜ್ಜಿ ಮಾತ್ರ ಬೇರೆಯೇ ಥರ ಆಡತೊಡಗಿದರು. ಒಂದು ನಡೆಗಾಗಿ ವಾರವಿಡೀ ಯೋಚಿಸುತ್ತಿದ್ದರು. ಒಲೆಯ ಮುಂದೆ ಕೂತು ಹಿಟ್ಟು ಕಲಸುತ್ತಾ ಕೈ ನಿಲ್ಲಿಸಿಬಿಡುತ್ತಿದ್ದರು. ಮೂಲೆ ಹಿಡಿದಿದ್ದ ಹಸಿರು ರಾಜ ಹೊರಬಂದ. ಕಾರ್ತಿಕದ ಹೊತ್ತಿಗೆ ಕೆಂಪು ಆನೆ ಹೋಯಿತು. ಒಳ್ಳೆಯ ನಡೆ ನಮಗೆ ಕಂಡು ನಾಲಿಗೆ ತುರಿಸಿದರೆ, ತುಟಿಯ ಮೇಲೆ ಹಳದಿ ಬೆರಳಿಟ್ಟು ಸುಮ್ಮನಿರಿಸುತ್ತಿದ್ದರು. ಒಂದು ಶುಕ್ರವಾರ ನಮ್ಮನ್ನು ಕರೆದು, "ನಾಳೆ ಬರಬೇಡ್ರಪ್ಪ. ಕೊನೇದು ಮನೆಯವರ ಮಧ್ಯೆ ಇರ್ಲಿ" ಎಂದರು.

ಮರುದಿನ ಸಂಜೆ ನಾವು ಒಳಗೆ ಹೋಗಲಿಲ್ಲ, ಮನೆಗೂ ಹೋಗಲಾಗಲಿಲ್ಲ. ಸ್ವಲ್ಪ ದೂರದಿಂದ ಅವರ ಬಾಗಿಲು ನೇರ ಕಾಣುವ ಮೋರಿಕಟ್ಟೆಯ ಮೇಲೆ ಮೂವರೂ ಕೂತೆವು. ಇಂಡಸ್ಟ್ರಿಯಲ್ ಎಸ್ಟೇಟಿನ ಸೈರನ್ ಕೂಗಿತು. ಸೈಕಲ್ಲುಗಳ ಸಾಲು ಹಾದುಹೋಯಿತು. ಕಿಟಕಿಯಲ್ಲಿ ದೀಪ ಹತ್ತಿತು. ಸುಮ್ಮನಿರಲಾಗದೆ ಕಳೆದ ವರ್ಷದ ಮಾತು ತೆಗೆದೆವು. ಹೋದ ವರ್ಷದ ದೀಪಾವಳಿಯಲ್ಲಿ ನಾವು ಏನಾಗಿದ್ದೆವು, ಈಗ ಏನಾಗಿದ್ದೇವೆ ಎಂದು. ಸೀನ ಹೊಸದಾಗಿ ಸೇರಿದ ಕಾರ್ಖಾನೆಯಲ್ಲಿ ಹಲವು ತಿಂಗಳಿಂದ ಜಗಳವಿಲ್ಲದೆ ಇದ್ದ. "ಸೂಪರ್ವೈಸರ್ ಬೈದಾಗ್ಲೆಲ್ಲ ಎದ್ದು ಅವನ ಕುರ್ಚೀಲಿ ಹೋಗಿ ಕೂತ ಹಾಗೆ ಅನ್ಕೋತೀನಿ ಗುರು. ಅವನಿಗೂ ಮೇಲಿನವನ ಕಾಟ ಅಂತ ಕಾಣತ್ತೆ. ಕೋಪ ಇಳಿದುಹೋಗತ್ತೆ" ಎಂದ. ಪ್ರಭಾಕರ, ಕಾಲೇಜಿಗೆ ಮತ್ತೆ ಸೇರುವ ವಿಷಯ ಅಪ್ಪನ ಹತ್ತಿರ ನಿಂತು ಮಾತಾಡಿದೆ ಎಂದ. ನನ್ನ ಸರದಿ ಬಂದಾಗ ನಾನು ಏನೂ ಹೇಳಲಿಲ್ಲ.

"ಯಾಕೋ, ನಿನಗೆ ಮಾತು ಮುಗೀತಾ?" ಎಂದು ಸೀನ ಚುಚ್ಚಿದ.

"ಅಜ್ಜಿ ಗೆಲ್ಲಲಿ ಅನ್ನಲೋ, ಆಟ ಮುಗೀದೇ ಇರಲಿ ಅನ್ನಲೋ ಗೊತ್ತಾಗ್ತಿಲ್ಲ ಕಣೋ."

ಪೂರ್ತಿ ಕತ್ತಲಾದ ಮೇಲೆ ದೀಪ ಆರಿತು. ನಾವು ಎದ್ದು ಹೋದೆವು.

ಬೆಳಿಗ್ಗೆ ಹಾಲಿನವನು ಕೂಗಿ ಕರೆದ. ಅಜ್ಜಿ ತಮ್ಮ ಕುರ್ಚಿಯಲ್ಲೇ ಒರಗಿದ್ದರು, ನಿದ್ದೆ ಬಂದ ಹಾಗೆ. ಮೈ ತಣ್ಣಗಾಗಿತ್ತು. ಪ್ರಭಾಕರ ಮಣೆ ನೋಡಿದ. ಹಸಿರು ಮಂತ್ರಿ, ಹಸಿರು ಕುದುರೆ. ಕೆಂಪು ರಾಜನಿಗೆ ನಡೆ ಇರಲಿಲ್ಲ. ಆ ರಾಜ ತನ್ನ ಒಂದು ಸಲದ ಜಿಗಿತವನ್ನೂ ಬೇಸಿಗೆಯಲ್ಲೇ ಬಳಸಿಬಿಟ್ಟಿದ್ದ. ಮಣೆಯ ಮೇಲೆ ಕೆಂಪು ರಾಜ ಅಡ್ಡ ಮಲಗಿದ್ದ.

ಆ ಮನೆಯಲ್ಲಿ ಸೋತವರು ತಮ್ಮ ರಾಜನನ್ನು ತಾವೇ ಮಲಗಿಸಬೇಕು, ಗೆದ್ದವರು ಮುಟ್ಟುವಂತಿಲ್ಲ. ಅಜ್ಜಿ ಎದ್ದು ಆ ಕಡೆ ಹೋಗಿ ಮಲಗಿಸಿ, ತಿರುಗಿ ಬಂದು ಕೂತು ಪ್ರಾಣ ಬಿಟ್ಟಿರಬೇಕು ಎಂದು ಪ್ರಭಾಕರ ಅಂದ. ಇರಬಹುದು. ಸೀನ ಒಪ್ಪಲಿಲ್ಲ. ನಾನು ಎಲ್ಲದಕ್ಕೂ ತೀರ್ಪು ಕೊಡುವವನು, ಇದಕ್ಕೆ ಮಾತ್ರ ಇಂದಿನವರೆಗೂ ಕೊಟ್ಟಿಲ್ಲ. ನಾನು ಅವರಿಗಾಗಿ ಕೇಳಿದ್ದು ನಾಲ್ಕು ತಿಂಗಳ ಬದುಕು, ಅವರಿಗೆ ಬೇಕಾಗಿದ್ದದ್ದು ಬೇರೆ. ಯಾರ ಪರವಾಗಿಯಾದರೂ ಮಾತಿಗೆ ಕೂರುವ ಮುನ್ನ, ನಿನಗೇನು ಬೇಕು ಎಂದು ಕೇಳುವುದನ್ನು ನಾನು ಆ ಮನೆಯಿಂದ ಕಲಿತು ಬಂದೆ. ನನ್ನ ಮಕ್ಕಳ ಮದುವೆಯ ಮಾತಿನಲ್ಲೂ ಅದೇ ಕೇಳಿದೆ. ಅನ್ನ ಹುಟ್ಟಿಸಿದ್ದೂ ಅದೇ, ಮರ್ಯಾದೆ ಉಳಿಸಿದ್ದೂ ಅದೇ.

ಕೆಂಗೇರಿಯಿಂದ ಮೈದುನನ ಮಗ ಬರುವವರೆಗೂ ನಾವು ಜಗಲಿಯ ಮೇಲೆ ಕಾದೆವು. ಗೋಡೆಗೆ ಗೋಡೆ ಅಂಟಿಕೊಂಡ ಪಕ್ಕದ ಮನೆಯಾಕೆ ಕಣ್ಣೊರೆಸಿಕೊಳ್ಳುತ್ತಾ ಬಂದರು. ಅಜ್ಜಿ ಎರಡು ದನಿಯಲ್ಲಿ ಮಾತಾಡಿಕೊಳ್ಳುವುದು ಆಕೆಗೆ ಹೊಸದಲ್ಲ. ಒಂದಾದ ಮೇಲೊಂದು ದನಿ ವರ್ಷದಿಂದ ಗೋಡೆಯಾಚೆ ಕೇಳಿಸುತ್ತಲೇ ಇತ್ತು.

"ನೆನ್ನೆ ಸಂಜೆ ನಿಮ್ಮಲ್ಲಿ ಯಾರಪ್ಪ ಬಂದಿದ್ದು?" ಎಂದು ಕೇಳಿದರು. "ಅಜ್ಜಿ ಅಷ್ಟು ನಕ್ಕಿದ್ದು ನಾನು ಕೇಳೇ ಇರ್ಲಿಲ್ಲ. ಜೊತೆಗೆ ಗಂಡಸಿನ ನಗು ಬೇರೆ. ಇಬ್ರೂ ಒಟ್ಟೊಟ್ಟಿಗೇ ನಗ್ತಿದ್ರಲ್ಲ, ಯಾರ ನಗು ಯಾವುದು ಅಂತಾನೇ ಗೊತ್ತಾಗ್ಲಿಲ್ಲ."

ಹಿಂದಿನ ಸಂಜೆ ದೀಪ ಆರುವವರೆಗೂ ನಾವು ಮೂವರೂ ಆ ಬಾಗಿಲಿನಿಂದ ಕಣ್ಣು ತೆಗೆದಿರಲಿಲ್ಲ. ಯಾರೂ ಒಳಗೆ ಹೋಗಿರಲಿಲ್ಲ. ಸೀನ ನನ್ನ ಮುಖ ನೋಡಿದ. ಪ್ರಭಾಕರ ನೆಲ ನೋಡಿದ.

"ನಾವೇ ಬಂದಿದ್ವಿ ಅಮ್ಮ" ಎಂದೆ.