ಅದಿರು ಅವರಿಗೆ, ಮಣ್ಣು ನಮಗೆ

ಅದಿರಿಗೆ ಬಂಗಾರದ ಬೆಲೆ ಬಂದಿದ್ದ ಕಾಲ. ಗಾದಿಗನೂರಿನ ನಮ್ಮ ಹೊಲದಡಿಯೂ ಅದಿರು ಇದೆಯೆಂದು ಗೊತ್ತಾದಾಗ ನನ್ನ ಗಂಡನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಕ್ಕಪಕ್ಕದವರು ಆಗಲೇ ಹೊಲ ಅಗೆಯಲು ಕೊಟ್ಟು, ಹೊಸಪೇಟೆಯಿಂದ ಮೋಟಾರ್ ಸೈಕಲ್ ತಂದು ಮೆರೆಯುತ್ತಿದ್ದರು. ನನಗೂ ಆಸೆಯಿತ್ತು, ಸುಳ್ಳೇಕೆ ಹೇಳಲಿ? ಮಳೆ ಬಂದರೆ ಸೋರುವ ಮನೆ, ಬಾರದಿದ್ದರೆ ಒಣಗುವ ಹೊಲ, ಇವೆರಡರ ನಡುವೆ ಸಂಸಾರ ಮಾಡಿ ಸಾಕಾಗಿತ್ತು.

ಅತ್ತೆ ಬೇಡವೆನ್ನಲಿಲ್ಲ. ಗುತ್ತಿಗೆದಾರನಿಗೆ ಒಂದೇ ಷರತ್ತು ಹಾಕಿದರು: ಮೊದಲು ಮೊಳದಷ್ಟು ಮೇಲ್ಮಣ್ಣು ತೆಗೆದು ಬದುವಿನ ಪಕ್ಕ ಗುಡ್ಡೆ ಹಾಕಬೇಕು, ಕೆಲಸ ಮುಗಿದ ಮೇಲೆ ಗುಂಡಿ ಮುಚ್ಚಿ, ಅದನ್ನು ಮತ್ತೆ ಹರಡಿ ಹೋಗಬೇಕು. ಆತ ನಗುತ್ತಲೇ ಒಪ್ಪಿದ. ಗುಡ್ಡೆಯ ಮಣ್ಣು ಗಾಳಿಗೆ ಹಾರದಿರಲೆಂದು ಅತ್ತೆ ಮೇಲೆ ಹುರುಳಿ ಚೆಲ್ಲಿದರು. ಮುದುಕಿ ಮಣ್ಣಿಗೂ ಕೌದಿ ಹೊದಿಸಿದ್ದಾಳೆಂದು ಪಕ್ಕದ ಹೊಲದ ಯಜಮಾನರು ಊರ ತುಂಬ ಹೇಳಿಕೊಂಡು ನಕ್ಕರು. ಲಾರಿಗಳ ಧೂಳಿಗೆ ಬಳ್ಳಿ ಕೆಂಪಾಯಿತು, ಆದರೂ ಕಾಯಿ ಬಿಟ್ಟಿತು.

ಅದಿರು ಮುಗಿಯುತ್ತ ಬಂದಂತೆ ಗುತ್ತಿಗೆದಾರ ಮುಖ ತೋರಿಸುವುದನ್ನೇ ಬಿಟ್ಟ. ಕೊನೆಯ ರಾಶಿ ಸಾಗಿಸಿ ಜಾಗ ಖಾಲಿ ಮಾಡುವ ಯೋಚನೆ ಅವನದು. ಹೊಲ ಗುಂಡಿಯಾಗಿಯೇ ಉಳಿದರೆ ಮುಂದೆ ಉಣ್ಣುವುದೇನು ಎಂದು ನನಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಲಾರಿ ದಾರಿಗೆ ಅಡ್ಡಲಾಗಿ ಗೂಟ ಹೊಡೆದು, ನಮ್ಮ ಎಮ್ಮೆಗಳನ್ನು ಕಟ್ಟಿ, ಪಕ್ಕದಲ್ಲೇ ಕುಳಿತಿದ್ದರು. ಡ್ರೈವರ್‌ಗಳು ಹಾರ್ನ್ ಹೊಡೆದು ಹೊಡೆದು ದಣಿದರು. ಎಮ್ಮೆಗಳು ಮೆಲುಕು ಹಾಕುತ್ತಲೇ ಇದ್ದವು. ಕೊನೆಗೆ ಗುತ್ತಿಗೆದಾರನೇ ಜೀಪಿನಲ್ಲಿ ಬಂದ.

"ಕಲ್ಲು ಹೊರಗ ಹೋಗಬೇಕಂದ್ರ ಮಣ್ಣು ಒಳಗ ಬೀಳಬೇಕ್ರಿ," ಅಂದರು ಅತ್ತೆ. ದನಿ ಏರಿಸಲಿಲ್ಲ.

ಗುಂಡಿ ಮುಚ್ಚಿ, ನಮ್ಮ ಮಣ್ಣು ಹರಡಿದ ಮೇಲೆಯೇ ಎಮ್ಮೆಗಳು ಕೊಟ್ಟಿಗೆಗೆ ಮರಳಿದವು. ಬಂದ ಹಣದಲ್ಲಿ ಮನೆಗೆ ಸೋರದ ಮಾಳಿಗೆಯಾಯಿತು, ಹೊಲಕ್ಕೆ ಬೋರ್‌ವೆಲ್ ಆಯಿತು. ಮುಂಗಾರಿನ ಮೊದಲ ಮಳೆಗೆ, ನಾವು ಬಿತ್ತುವ ಮುಂಚೆಯೇ, ಗುಡ್ಡೆಯಲ್ಲಿ ಉದುರಿದ್ದ ಹುರುಳಿ ಹೊಲದ ತುಂಬ ಮೊಳೆಯಿತು. ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಬಗ್ಗಿ ಒಂದು ಸಸಿ ಕಿತ್ತು ಬೇರು ನೋಡಿದರು, ಅಷ್ಟೇ.

ಆ ವಾರವೇ ಪಕ್ಕದ ಹೊಲದ ಯಜಮಾನರು ಮನೆಗೆ ಬಂದರು. ಅಷ್ಟು ನಕ್ಕಿದ್ದವರು ತಮ್ಮ ಇನ್ನೊಂದು ಹೊಲದ ಮೇಲ್ಮಣ್ಣನ್ನು ಸದ್ದಿಲ್ಲದೆ ಗುಡ್ಡೆ ಹಾಕಿಸಿದ್ದರಂತೆ. ಅಲ್ಲೀಗ ಕೊನೆಯ ರಾಶಿ ಹೊರಡುವುದರಲ್ಲಿತ್ತು. ಚಹಾ ಕುಡಿದು, ಅತ್ತಿತ್ತ ನೋಡಿ, ಅತ್ತೆಯನ್ನು ಮೆಲ್ಲಗೆ ಕೇಳಿದರು:

"ಅಕ್ಕಾ, ನಿಮ್ಮ ಎಮ್ಮಿ ನಾಕು ದಿನ ಕೊಡ್ರಿ."