ಡ್ರಮ್ಮಿಗೆ ಜಾಗವಿಲ್ಲದ ಹಾಡು

ಇಪ್ಪತ್ತೊಂಬತ್ತು ವರ್ಷ ಗಿಟಾರು ಹೊತ್ತ ಹೆಗಲು ಕೊನೆಗೊಂದು ದಿನ ಕೈಕೊಟ್ಟಿತು. ಆಪರೇಷನ್ ಆಯಿತು, ಆರು ತಿಂಗಳು ಗಿಟಾರು ಮುಟ್ಟಕೂಡದು ಎಂದರು ಡಾಕ್ಟರು. ಯಾವ ದೊಡ್ಡ ಕಂಪನಿಯ ಹಂಗೂ ಇಲ್ಲದೆ ತಮ್ಮ ಪಾಡಿಗೆ ತಾವು ರಾಕ್ ಹಾಡಿಕೊಂಡು ಬಂದ ನಾಲ್ವರ ತಂಡಕ್ಕೆ ಹಾಡು ಬರೆಯುವವನೂ ಅವನೇ, ಹಾಡುವವನೂ ಅವನೇ. ಬಾಯಿಗೆ ಬಿಡುವೆಂಬುದೇ ಇಲ್ಲ. ಅಂಥವನು ಮನೆಯಲ್ಲಿ ಕೂತರೆ ಹೆಂಡತಿಯ ಗತಿ ಏನು? ಮಕ್ಕಳಿಗೆ ಪಿಯಾನೋ ಪಾಠ ಹೇಳುವ ಆಕೆ ಮೂರನೇ ವಾರಕ್ಕೇ ತಲೆಚಿಟ್ಟು ಹಿಡಿದು, ಮಾತು ಬಿಟ್ಟು ಇದನ್ನಾದರೂ ಕುಟ್ಟು ಎಂದು ಪಿಯಾನೋ ತೋರಿಸಿದಳು.

ಕುಟ್ಟಿದ. ಮೊದಲ ತಿಂಗಳು ಅಕ್ಕಪಕ್ಕದವರು ಕಿಟಕಿ ಮುಚ್ಚಿಕೊಂಡರು. ನಾಲ್ಕನೇ ತಿಂಗಳಿಗೆ ಏನೋ ಒಂದು ಕೂಡಿಬಂತು. ಪದ ಹೊಂದಿಸಲು ಹೋದಾಗಲೆಲ್ಲ ಅದು ಕೆಟ್ಟಿತು. ಪದವಿಲ್ಲ, ಗಿಟಾರಿಲ್ಲ, ಡ್ರಮ್ಮಿಗೆ ಜಾಗವೇ ಇಲ್ಲ. ಆದರೆ ಈವರೆಗೆ ಕಟ್ಟಿದ್ದರಲ್ಲೆಲ್ಲ ಇದೇ ಒಳ್ಳೆಯದು ಎಂದು ಅವನಿಗೆ ಅನ್ನಿಸಿಬಿಟ್ಟಿತ್ತು. ಹೆದರಿಕೆ ಇದ್ದದ್ದೇ ಅಲ್ಲಿ.

ತಂಡಕ್ಕೊಂದು ಕಟ್ಟಳೆಯಿತ್ತು. ಹೊಸ ಹಾಡನ್ನು ಮೊದಲ ಸಲ ಅವನೊಬ್ಬನೇ ನುಡಿಸಬೇಕು. ಎರಡನೇ ಸಲಕ್ಕೆ ಹಿಡಿಸಿದವರು ತಂತಮ್ಮ ವಾದ್ಯ ಎತ್ತಿ ಸೇರಿಕೊಳ್ಳಬೇಕು. ಯಾರೂ ಸೇರದಿದ್ದರೆ ಆ ಹಾಡಿನ ಕಥೆ ಮುಗಿಯಿತು, ಮತ್ತೆ ಅದರ ಸುದ್ದಿ ಎತ್ತುವಂತಿಲ್ಲ. ಹೀಗೆ ನೂರಾರು ಹಾಡು ಹೋದವು. ಅವನು ಒಂದಕ್ಕೂ ಚಕಾರ ಎತ್ತಿದವನಲ್ಲ.

ಪಿಯಾನೋ ಹೊತ್ತುಕೊಂಡು ಹೋಗುವುದು ಆಗದ ಮಾತು. ಹಾಗಾಗಿ ಒಂದು ಭಾನುವಾರ ಮೂವರೂ ಮನೆಗೇ ಬಂದರು. ಡ್ರಮ್ಮಿನವನು ಒಂದೇ ಒಂದು ಡ್ರಮ್ಮು ತಂದು ಸೋಫಾ ಪಕ್ಕ ಇಟ್ಟುಕೊಂಡ. ಮೊದಲ ಸಲ ನುಡಿಸಿದ್ದಾಯಿತು. ಎರಡನೇ ಸಲ ಶುರುಮಾಡಿದಾಗ ಅವನ ಕಿವಿಯೆಲ್ಲ ಬೆನ್ನ ಹಿಂದೆ. ಯಾರೂ ಸೇರಲಿಲ್ಲ. ಅರ್ಧಕ್ಕೇ ಕೈ ತೆಗೆದು ಮುಚ್ಚಳ ಮುಚ್ಚಿದ. ಕಟ್ಟಳೆ ಕಟ್ಟಳೆಯೇ. ಕಾಫಿ ಕುಡಿಯೋಣ ಬನ್ನಿ ಎಂದ.

"ಯಾಕೋ ನಿಲ್ಲಿಸ್ದೆ?" ಡ್ರಮ್ಮಿನವನು ಕೇಳಿದ.

"ಯಾರೂ ಸೇರ್ಲಿಲ್ವಲ್ಲ."

"ಸೇರಿದ್ರೆ ಕೆಡ್ತಿತ್ತು ಕಣೋ. ಇದ್ರಲ್ಲಿ ನಮಗೆ ಕೆಲ್ಸ ಇಲ್ಲ. ಮೊದಲ್ನೇ ಸಲಾನೇ ಗೊತ್ತಾಯ್ತು."

ಅವನು ತಿರುಗಿ ನೋಡಿದ. ಡ್ರಮ್ಮಿನವನ ಕಣ್ಣು ಒದ್ದೆಯಾಗಿತ್ತು. ಸಂತೋಷಕ್ಕೋ ದುಃಖಕ್ಕೋ, ಎರಡಕ್ಕೂ ಇರಬೇಕು. ಉಳಿದಿಬ್ಬರು ಆಗಲೇ ಗಿಟಾರುಗಳನ್ನು ಚೀಲಕ್ಕೆ ಹಾಕಿ, ಜಿಪ್ ಎಳೆದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು.

"ಮುಚ್ಚಳ ತೆಗಿ," ಎಂದ ಡ್ರಮ್ಮಿನವನು. "ಈ ಸಲ ಪೂರ್ತಿ ನುಡಿಸು. ನಾವು ಕೇಳ್ತೀವಿ."