ಒಣಗಿದ ತೊಗರಿ ಕಿತ್ತ ದಿನ

ನಾನು ಚಿಕ್ಕವಳಿದ್ದಾಗ ಮಣ್ಣೂರಿನ ನಮ್ಮ ಮನೆಗೆ ಪರದೇಶದ ಹೆಣ್ಣುಮಗಳೊಬ್ಬರು ಬಂದಿದ್ದರು. ಆ ದಿನ ಮಾಡಿದ ಕೆಲಸಗಳೆಲ್ಲ ಇನ್ನೂ ನೆನಪಿವೆ. ಅಂಗಳ ಸಾರಿಸಿದೆ. ಎಮ್ಮೆಗೆ ಕಣಕಿ ಹಾಕಿದೆ. ಹಿತ್ತಾಳೆ ಚರಿಗೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಹೋಳಿಗೆಗೆ ಕಡಲೆಬೇಳೆ ಹಸನು ಮಾಡಿ ಅವ್ವನಿಗೆ ಕೊಟ್ಟೆ. ಆಮೇಲೆ ಅಕ್ಕನ ಜೊತೆ ಹೊಲಕ್ಕೆ ಹೋಗಿ, ಒಣಗಿ ನಿಂತಿದ್ದ ತೊಗರಿ ಗಿಡಗಳನ್ನೆಲ್ಲ ಕಿತ್ತು ತಂದೆ.

ಆ ಕೊನೆಯ ಕೆಲಸದ ಮಾತನ್ನೇ ನಿಮಗೆ ಹೇಳಬೇಕು, ಮಕ್ಕಳೇ.

ಆ ವರ್ಷ ಮಳೆ ಬಿದ್ದ ಹೊಸದರಲ್ಲಿ ಜೀಪಿನ ಸಾಹೇಬರೊಬ್ಬರು ಬಂದು, ಹೊಸ ತಳಿಯ ತೊಗರಿ ಬೀಜ ಕೊಟ್ಟು, ನಮ್ಮ ಹೊಲದ ಒಂದು ತುಂಡಿನಲ್ಲಿ ಬಿತ್ತಿಸಿದ್ದರು. ಪರದೇಶದ ಮೇಡಂ ನೋಡಲು ಬರುತ್ತಾರೆ, ಚೆಂದಾಗಿ ನೋಡಿಕೊಳ್ಳಿ ಎಂದಷ್ಟೇ ಹೇಳಿ ಹೋದರು. ಅಪ್ಪ ಹಾಗೇ ನೋಡಿಕೊಂಡ. ಆದರೂ ಹೂ ಬಿಡುವ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಗಿಡ ಜೋತುಬಿದ್ದು, ನಿಂತಲ್ಲೇ ಒಣಗಿದವು.

ನಮ್ಮಲ್ಲಿ ಬೀಗರು ಬರುತ್ತಾರೆಂದರೆ ಹರಿದ ಕೌದಿಯನ್ನು ಮಡಚಿ ಒಳಕೋಣೆಗೆ ಹಾಕುತ್ತಿದ್ದರು. ಮನೆಯ ಕೊರತೆ ಬಂದವರ ಕಣ್ಣಿಗೆ ಬೀಳಬಾರದು. ಅಪ್ಪನಿಗೆ ಹೊಲವೂ ಮನೆಯೇ. ಒಣಗಿದ್ದು ಒಂದೂ ಕಾಣಬಾರದು ಎಂದು ನಮ್ಮನ್ನು ಕಳಿಸಿದ. ನಾನು ಕೀಳುತ್ತ ಹೋದೆ. ಅಕ್ಕ ಹಿಂದಿನಿಂದ ಕುಳಿಗಳಿಗೆ ಮಣ್ಣು ತಳ್ಳಿ ತುಳಿಯುತ್ತ ಬಂದಳು. ಹೊರೆ ಕಟ್ಟಿ ತಂದು ಹೋಳಿಗೆಯ ಒಲೆಗೆ ಇಟ್ಟೆವು. ತೊಗರಿ ಕಟ್ಟಿಗೆ ಪಟಪಟ ಉರಿಯಿತು, ಮನೆಯೆಲ್ಲ ಬೆಲ್ಲ, ಏಲಕ್ಕಿಯ ವಾಸನೆ.

ಮಧ್ಯಾಹ್ನ ಚೌಡಾಪುರದ ಕಡೆಯಿಂದ ಧೂಳೆಬ್ಬಿಸುತ್ತ ಜೀಪು ಬಂತು. ಸಾಹೇಬರ ಜೊತೆ ಇಳಿದ ಮೇಡಂ ಎತ್ತರದವರು, ಪ್ಯಾಂಟು ತೊಟ್ಟಿದ್ದರು, ಬಿಸಿಲಿಗೆ ಮೂಗು ಕೆಂಪಾಗಿತ್ತು.

"ಸಂಜಿತನಾ ಹಿಂಗ ತಿರಗಿದ್ರ ಈಕಿ ಒಣ ಮೆಣಸಿನಕಾಯಿ ಆಗ್ತಾಳ ನೋಡ ಬೇ" ಎಂದು ಅಕ್ಕ ನನ್ನ ಕಿವಿಯಲ್ಲಿ ಉಸುರಿದಳು. ನಾನು ಕಿಸಕ್ಕನೆ ನಕ್ಕೆ.

ಅವ್ವ ನೀರು ಕೊಟ್ಟು ಊಟಕ್ಕೆ ಕರೆದಳು. ಮೊದಲು ಕೆಲಸ ಎಂದು ಮೇಡಂ ಸಾಹೇಬರ ಬಾಯಿಂದ ಹೇಳಿಸಿ ಹೊಲಕ್ಕೆ ನಡೆದರು. ನಾವೆಲ್ಲ ಹಿಂದೆ ಹೋದೆವು. ಅವರು ಸಾಲು ಸಾಲು ಬಗ್ಗಿ ನೋಡಿ, ಎಷ್ಟು ಗಿಡ ಒಣಗಿವೆ ಎಂದು ಸಾಹೇಬರಿಂದ ಕೇಳಿಸಿದರು.

"ಒಂದೂ ಒಣಗಿಲ್ರಿ. ನಿಮ್ಮ ಬೀಜ ಭಾಳ ಚಲೋ ಅದರಿ" ಎಂದು ಅಪ್ಪ ಕೈ ಮುಗಿದ.

ಮೇಡಂ ಮುಖ ಅರಳಿತು. ಪುಸ್ತಕದಲ್ಲಿ ಬರೆದುಕೊಂಡರು. ಬೇರೆ ಕಡೆ ಈ ಬೀಜ ಹೇಗೋ ಎಂಬ ಅನುಮಾನವಿತ್ತು, ಇಲ್ಲಿ ಗೆದ್ದಿತು, ಮುಂದಿನ ವರ್ಷ ಅಫಜಲಪುರ, ಆಳಂದ, ಜೇವರ್ಗಿಯ ರೈತರಿಗೆಲ್ಲ ಇದನ್ನೇ ಕೊಡಿಸುತ್ತಾರಂತೆ ಎಂದು ಸಾಹೇಬರು ಖುಷಿಯಿಂದ ಹೇಳಿದರು.

ಅಪ್ಪನ ನಗು ಆರಿತು. ಅಷ್ಟೂ ಹೊಲಗಳ ತೊಗರಿ ನಮ್ಮದರ ಹಾಗೆಯೇ ಒಣಗುತ್ತದೆಂದು ನನಗೂ ತಿಳಿಯಿತು. ಅಪ್ಪ ಹೇಳುತ್ತಾನೆಂದು ಕಾದೆ. ಅವನು ತನ್ನ ಕಾಲ ಬೆರಳು ನೋಡುತ್ತ ನಿಂತಿದ್ದ.

"ಒಣಗಿದ್ವುರಿ. ಮುಂಜಾನಿ ನಾನ ಕಿತ್ತೇನಿ" ಎಂದೆ.

ಸಾಹೇಬರು ಇಂಗ್ಲಿಷಿನಲ್ಲಿ ಹೇಳಿದರು. ಮೇಡಂ ನನ್ನೆದುರು ಕುಕ್ಕರುಗಾಲಲ್ಲಿ ಕೂತು, ಆ ಗಿಡಗಳೆಲ್ಲಿ ಎಂದು ಕೇಳಿಸಿದರು. ಒಲೆಗೆ ಹಾಕಿದೆವು ಎಂದಾಗ ಒಂದು ಗಳಿಗೆ ಕಣ್ಣು ಮುಚ್ಚಿದರು. ಅವರು ಬಂದದ್ದೇ ಒಣಗಿದ ಗಿಡಗಳಿಗಾಗಿ. ಎಣಿಸಬೇಕಿತ್ತು, ಕಾಂಡ ಸೀಳಿ ಒಳಗೆ ರೋಗದ ಕಪ್ಪು ಗೆರೆ ಇದೆಯೇ ನೋಡಬೇಕಿತ್ತು. ಅದನ್ನು ನಮಗೆ ಯಾರೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಮೇಡಂ ಅಪ್ಪನ ಕಡೆ ತಿರುಗಿ ಏನೋ ಅಂದರು. ಸಾಹೇಬರು ಹೇಳಲು ಹಿಂದೆಮುಂದೆ ನೋಡಿದರು.

"ಯಾಕ ಸುಳ್ಳ ಹೇಳಿದ್ರಿ ಅಂತ ಕೇಳಾಕತ್ತಾರ."

ಅಪ್ಪ ಹೆಗಲ ಟವೆಲ್ಲನ್ನು ಕೈಗೆ ತೆಗೆದುಕೊಂಡು ಹಿಂಡಿದ. "ಮನಿಗಿ ಬಂದವ್ರ ಮುಂದ ನಮ್ಮ ಹಾನಿ ಹ್ಯಾಂಗ ತೋರಸೂದ್ರಿ?" ಎಂದ.

ಆ ಮಾತು ಇಂಗ್ಲಿಷಿನಲ್ಲಿ ಹೇಗೆ ಕೇಳಿಸಿತೋ ಗೊತ್ತಿಲ್ಲ. ಮೇಡಂ ಪುಸ್ತಕದಲ್ಲಿ ನಮ್ಮ ಹೊಲದ ಹಾಳೆಯ ಮೇಲೆ ಉದ್ದಕ್ಕೆ ಗೆರೆ ಎಳೆದರು. ಅವರ ಒಂದು ಹಂಗಾಮಿನ ಕೆಲಸ ಅಲ್ಲಿಗೆ ಹಾಳಾಯಿತು. ಆ ಬೀಜವನ್ನು ಯಾರಿಗೂ ಹಂಚಲಿಲ್ಲ. ಇನ್ನೊಂದು ಊರಿಗೆ ಹೋಗಬೇಕೆಂದು ಉಣ್ಣದೆಯೇ ಜೀಪು ಹತ್ತಿದರು. ಅದು ಸಿಟ್ಟೋ ಅವಸರವೋ, ನಮಗೆ ತಿಳಿಯಲಿಲ್ಲ. ಅವ್ವ ಬಾಗಿಲಲ್ಲೇ ನಿಂತಿದ್ದಳು.

ನೀವು ಮೊಬೈಲಿನಲ್ಲಿ ಬೇರೆ ದೇಶದ ಮಕ್ಕಳ ಜೊತೆ ಪಾಠಕ್ಕೆ ಕೂರುವ ಮುಂಚೆ ಹಿಂದೆ ಬಿದ್ದ ಬಟ್ಟೆಗಳನ್ನು ಕಾಣದಂತೆ ಸರಿಸುತ್ತೀರಿ. ನೋಡಿ ನಗು ಬರುತ್ತದೆ. ಆದರೆ ತಿಳಿಯದ್ದನ್ನು ಅವರನ್ನೇ ತಟ್ಟನೆ ಕೇಳುತ್ತೀರಿ. ನಮಗೆ ಕೇಳುವುದೇ ಅವಮಾನವಾಗಿತ್ತು. ಹೊರಗಿನವರ ಮುಂದೆ ಅಪ್ಪನ ತಲೆ ತಗ್ಗಿಸಿದೆನಲ್ಲ ಎಂಬ ನಾಚಿಕೆ ನನಗೆ ಇಂದಿಗೂ ಹೋಗಿಲ್ಲ. ಸುಮ್ಮನಿದ್ದಿದ್ದರೆ ನಿಮಗೆ ಈ ಕಥೆ ಹೇಳಲೂ ಮುಖವಿರುತ್ತಿರಲಿಲ್ಲ.

ಆ ಸಂಜೆ ಹೋಳಿಗೆಯನ್ನು ನಾವೇ ಉಂಡೆವು. ಅವ್ವ ತುಪ್ಪ ಬಡಿಸುವುದನ್ನು ಮರೆತಳು, ನಾವೂ ಕೇಳಲಿಲ್ಲ. ಅಪ್ಪ ಒಂದೇ ತಿಂದು, ಇನ್ನೊಂದನ್ನು ನನ್ನ ತಾಟಿಗೆ ಹಾಕಿ ಎದ್ದ. ಎಲ್ಲರಿಗಿಂತ ಮೊದಲು ಮಲಗಿದವನೂ ಅವನೇ, ಚಾದರವನ್ನು ಮುಖದ ಮೇಲೆ ಎಳೆದುಕೊಂಡು.